‘ಬರೆದಾಯಿತು’ ಎಂದವರು ಯಾರು?



ಗದಗಿನ ಅಡತಿ ಅಂಗಡಿಗಳಲ್ಲಿ ಹಿಂದೆ ಲೆಕ್ಕಕ್ಕೆ ಎರಡು ವಹಿಗಳಿರುತ್ತಿದ್ದವು. ಒಂದು ಕಚ್ಚಾ, ಇನ್ನೊಂದು ಪಕ್ಕಾ. ಚಕ್ಕಡಿಯಿಂದ ಶೇಂಗಾ ಚೀಲ ಇಳಿದ ಕೂಡಲೇ ದಿವಾನಜಿ ತೂಕವನ್ನು ಕಚ್ಚಾ ವಹಿಯಲ್ಲಿ ಗೀಚಿಕೊಳ್ಳುವುದು, ಸಂಜೆ ಗದ್ದಲ ಇಳಿದ ಮೇಲೆ ಅದನ್ನು ಪಕ್ಕಾ ಕಿರ್ದಿಗೆ ಏರಿಸುವುದು ರೂಢಿ. ಮಧ್ಯಾಹ್ನ ರೈತ ‘ಬರಕೊಂಡ್ರೇನ್ರಿ?’ ಎಂದು ಕೇಳಿದರೆ ‘ಹೂಂ, ಬರಕೊಂಡೇನಿ’ ಎಂಬ ಉತ್ತರ. ಸಂಜೆ ಕೇಳಿದರೂ ಅದೇ ಉತ್ತರ. ಎರಡೂ ಸುಳ್ಳಲ್ಲ. ಆದರೆ ಅಷ್ಟರೊಳಗೆ ಕಚ್ಚಾ ವಹಿಯ ಆ ಹಾಳೆ ಹರಿದರೆ, ಮಳೆಗೆ ನೆನೆದರೆ, ಮಧ್ಯಾಹ್ನದ ಮಾತಿಗೆ ಬೆಲೆ ಉಳಿಯುವುದಿಲ್ಲ. ಜಗಳ ಹುಟ್ಟುತ್ತಿದ್ದುದು ಆ ನಾಲ್ಕೈದು ತಾಸಿನ ಸಂದಿನಲ್ಲಿ.

ಕಂಪ್ಯೂಟರಿನೊಳಗೂ ಇಂಥವೇ ಎರಡು ವಹಿಗಳಿವೆ. ಬ್ಯಾಂಕಿನಲ್ಲಿ, ಸೊಸಾಯಿಟಿಯಲ್ಲಿ, ತಹಶೀಲ್ದಾರರ ಕಚೇರಿಯಲ್ಲಿ ಕುಳಿತವರು ಗುಂಡಿ ಒತ್ತಿದಾಗ ತೆರೆಯ ಮೇಲೆ ‘ಸೇವ್ ಆಯಿತು’ ಎಂಬ ಮಾತು ಮೂಡುತ್ತದೆ. ಅದು ಮಧ್ಯಾಹ್ನದ ಉತ್ತರವೋ ಸಂಜೆಯ ಉತ್ತರವೋ ಎಂಬುದು ಒತ್ತಿದವರಿಗೆ ತಿಳಿಯುವುದಿಲ್ಲ. ಅದನ್ನು ತೀರ್ಮಾನಿಸುವುದು ಯಂತ್ರದ ಆಳದಲ್ಲಿರುವ ಒಂದು ತಂತ್ರಾಂಶ ಮತ್ತು ಅದಕ್ಕೆ ಯಾರೋ ಎಂದೋ ಮಾಡಿಟ್ಟ ಕೆಲವು ಏರ್ಪಾಡುಗಳು. ಆ ತಂತ್ರಾಂಶಕ್ಕೆ ಡಿವೈಸ್ ಡ್ರೈವರ್ ಎಂದು ಹೆಸರು. ಡಿಸ್ಕು, ಸಿ.ಡಿ., ಟೇಪು ಮುಂತಾದ ದಾಸ್ತಾನು ಸಾಧನಗಳ ಡ್ರೈವರುಗಳೇ ಇವತ್ತಿನ ವಿಷಯ. ಇದು ಎಂಜಿನಿಯರುಗಳ ಸ್ವಂತ ಸೊತ್ತು ಎಂದು ತಿಳಿದು ಉಳಿದವರು ಸುಮ್ಮನಾಗುವುದು ವಾಡಿಕೆ. ಹಾಗೆ ಸುಮ್ಮನಾಗಬಾರದು ಎಂಬುದಕ್ಕೆ ಕಾರಣಗಳಿವೆ.

ಯೂನಿಕ್ಸ್ ಮತ್ತು ಅದರ ಬಳಗದ ವ್ಯವಸ್ಥೆಗಳಲ್ಲಿ ನಡುವೆ ಕುಳಿತು ಎಲ್ಲವನ್ನೂ ನಡೆಸುವ ಭಾಗವನ್ನು ಕರ್ನೆಲ್ ಎನ್ನುತ್ತಾರೆ. ಸಿಪ್ಪೆ ಒಡೆದ ಮೇಲೆ ಸಿಗುವ ಕಾಳು, ತಿರುಳು ಎಂದು ಅರ್ಥ. ಈ ಸೀಮೆಯವರಿಗೆ ತಿರುಳು ಎಂಬುದು ಹೊಸ ಶಬ್ದವಲ್ಲ. 9ನೇ ಶತಮಾನದ ‘ಕವಿರಾಜಮಾರ್ಗ’ವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡಿನ ನುಡಿಯನ್ನು ಕನ್ನಡದ ತಿರುಳು ಎಂದು ಗುರುತಿಸಿತು. 10ನೇ ಶತಮಾನದ ಪಂಪ ತನ್ನ ಕಾವ್ಯದ ಭಾಷೆ ಪುಲಿಗೆರೆಯ ತಿರುಳುಗನ್ನಡ ಎಂದು ಹೇಳಿಕೊಂಡ. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಆದ್ದರಿಂದ ಇಲ್ಲಿಂದ ಮುಂದೆ ಕರ್ನೆಲ್ ಎನ್ನದೆ ತಿರುಳು ಎಂದೇ ಕರೆದರೆ ಲಕ್ಷ್ಮೇಶ್ವರದವರು ಬೇಡವೆನ್ನಲಾರರು.

ಈ ತಿರುಳಿಗೆ ಡಿಸ್ಕಿನ ಮಾತು ನೇರವಾಗಿ ಬಾರದು. ಅಂಗಡಿಯ ದಿವಾನಜಿಗೆ ವಖಾರದೊಳಗಿನ ಅಟ್ಟಿಗಳ ಲೆಕ್ಕ ಗೊತ್ತು, ಆದರೆ ಯಾವ ಚೀಲವನ್ನು ಯಾವ ಕಡೆಯಿಂದ ಎಳೆದರೆ ಅಟ್ಟಿ ಬೀಳುವುದಿಲ್ಲ ಎಂಬುದು ಹಮಾಲರ ಮುಕಾದಮನಿಗೆ ಮಾತ್ರ ಗೊತ್ತು. ದಿವಾನಜಿ ಚೀಟಿ ಬರೆದುಕೊಡುತ್ತಾನೆ, ಮುಕಾದಮ ಮಾಲು ತರಿಸುತ್ತಾನೆ. ಡ್ರೈವರು ಈ ಮುಕಾದಮ. ಒಂದೊಂದು ಜಾತಿಯ ವಖಾರಕ್ಕೆ ಒಬ್ಬೊಬ್ಬ ಮುಕಾದಮ ಬೇಕು, ಒಬ್ಬನ ಕೆಲಸ ಇನ್ನೊಬ್ಬನಿಂದ ಆಗದು. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯೂನಿಕ್ಸನ್ನು ಕಟ್ಟತೊಡಗಿದಾಗ ಈ ಸಂಬಂಧವನ್ನು ಸರಳಗೊಳಿಸುವ ಒಂದು ಜಾಣ ಉಪಾಯ ಹೂಡಿದರು. ಯಂತ್ರಕ್ಕೆ ಜೋಡಿಸಿದ ಪ್ರತಿಯೊಂದು ಸಾಧನವೂ ಒಂದು ಕಡತದ ವೇಷದಲ್ಲಿ ಕಾಣಿಸಿಕೊಳ್ಳುತ್ತದೆ. ಪತ್ರ ಬರೆಯುವುದೂ ಡಿಸ್ಕಿಗೆ ಬರೆಯುವುದೂ ಮೇಲ್ನೋಟಕ್ಕೆ ಒಂದೇ ಕ್ರಿಯೆ. ಆ ವೇಷದ ಹಿಂದೆ ಎರಡು ಸಂಖ್ಯೆಗಳಿರುತ್ತವೆ. ಮೊದಲನೆಯದು ಯಾವ ಮುಕಾದಮನನ್ನು ಕೂಗಬೇಕು ಎಂಬುದನ್ನು ಹೇಳುತ್ತದೆ, ಎರಡನೆಯದು ಅವನ ಸುಪರ್ದಿಯಲ್ಲಿರುವ ಯಾವ ವಖಾರ, ಯಾವ ಕೋಣೆ ಎಂಬುದನ್ನು. ಲಿನಕ್ಸಿನಲ್ಲಿ ಸ್ಕಸಿ ಜಾತಿಯ ಡಿಸ್ಕಿನ ಮೊದಲ ಸಂಖ್ಯೆ 8. ಹಳೆಯ ಐಡಿಇ ಡಿಸ್ಕಿನದು 3 ಆಗಿತ್ತು.

ಎಲ್ಲವೂ ಕಡತವಾದಾಗ ಎಲ್ಲ ತಪ್ಪುಗಳೂ ಸುಲಭವಾಗುತ್ತವೆ. ಲಿನಕ್ಸ್ ಬರೆದ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರ ಆಗಸ್ಟ್ 25ರಂದು ತಮ್ಮ ಕೆಲಸವನ್ನು ಲೋಕಕ್ಕೆ ತಿಳಿಸಿದಾಗ, ಇದು ಎ.ಟಿ. ಮಾದರಿಯ ಹಾರ್ಡ್ ಡಿಸ್ಕನ್ನು ಬಿಟ್ಟು ಬೇರೆಯದಕ್ಕೆ ಪ್ರಾಯಶಃ ಎಂದೂ ಒದಗಲಾರದು, ತಮ್ಮ ಬಳಿ ಇರುವುದು ಅದೊಂದೇ ಎಂದು ಸಂಕೋಚದಿಂದ ಹೇಳಿದ್ದರು. ಒಬ್ಬನೇ ಮುಕಾದಮ, ಒಂದೇ ವಖಾರ. ಅದೇ ವರ್ಷದ ಕೊನೆಗೆ ಅವರು ದೂರವಾಣಿಯ ಮೂಲಕ ವಿಶ್ವವಿದ್ಯಾಲಯದ ಕಂಪ್ಯೂಟರಿಗೆ ಸಂಪರ್ಕ ಮಾಡಹೊರಟು, ಮೋಡೆಮ್ಮಿನ ಕಡತದ ಬದಲು ಹಾರ್ಡ್ ಡಿಸ್ಕಿನ ಕಡತದ ಹೆಸರು ಕೊಟ್ಟುಬಿಟ್ಟರು. ಫೋನಿಗೆ ಹೋಗಬೇಕಾದ ಆಜ್ಞೆಗಳು ಡಿಸ್ಕಿನ ಮೇಲೆ ಬರೆದುಕೊಂಡವು. ಅವರು ಅಲ್ಲಿಯವರೆಗೆ ಆಸರೆಯಾಗಿ ಬಳಸುತ್ತಿದ್ದ ಮಿನಿಕ್ಸ್ ವ್ಯವಸ್ಥೆ ಹಾಳಾಯಿತು. ಅದನ್ನು ಮತ್ತೆ ಹಾಕುವ ಗೋಜಿಗೆ ಹೋಗದೆ ಅವರು ತಮ್ಮ ಲಿನಕ್ಸಿನಲ್ಲೇ ನೆಲೆಸಿದರು. ಮುಕಾದಮನಿಗೆ ಚೀಟಿ ಯಾರು ಕೊಟ್ಟರು, ಏಕೆ ಕೊಟ್ಟರು ಎಂಬುದು ಬೇಕಿಲ್ಲ, ಚೀಟಿಯಲ್ಲಿದ್ದುದನ್ನು ಮಾಡಿ ಮುಗಿಸುತ್ತಾನೆ.

ಹಳೆಯ ಯೂನಿಕ್ಸಿನಲ್ಲಿ ಯಾವ ಯಾವ ಡ್ರೈವರು ಇರಬೇಕು ಎಂಬುದು ತಿರುಳಿನ ಒಳಗೇ ಒಂದು ಕೋಷ್ಟಕವಾಗಿ ಇರುತ್ತಿತ್ತು. ಹೊಸ ಡಿಸ್ಕು ತಂದರೆ ಕೋಷ್ಟಕ ತಿದ್ದಿ, ಇಡೀ ತಿರುಳನ್ನು ಮತ್ತೆ ಕಟ್ಟಿ, ಯಂತ್ರವನ್ನು ಹೊಸದಾಗಿ ಎಬ್ಬಿಸಬೇಕು. ಭಾರತದಲ್ಲಿ ಈ ವಿದ್ಯೆ ವಿಶ್ವವಿದ್ಯಾಲಯಗಳಿಗಿಂತ ಹೆಚ್ಚಾಗಿ ಬ್ಯಾಂಕುಗಳ ಹಿತ್ತಲ ಬಾಗಿಲಿನಿಂದ ಬಂತೆಂದರೆ ತಪ್ಪಾಗದು. 1984ರಲ್ಲಿ ಸಿ. ರಂಗರಾಜನ್ ಅಧ್ಯಕ್ಷತೆಯ ಸಮಿತಿ ಬ್ಯಾಂಕುಗಳ ಯಂತ್ರೀಕರಣಕ್ಕೆ ದಾರಿ ಹಾಕಿತು. ಅದರ ಬೆನ್ನಿಗೆ ಬ್ಯಾಂಕುಗಳು ಯೂನಿಕ್ಸ್ ಯಂತ್ರಗಳನ್ನು ಕೊಳ್ಳತೊಡಗಿದವು. ಬೆಂಗಳೂರಿನ ವಿಪ್ರೊ, ಪಿಎಸ್‌ಐ ಕಂಪನಿಗಳು ಅಂಥ ಯಂತ್ರಗಳ ಕೆಲಸದಲ್ಲಿದ್ದವು. 1990ರ ದಶಕದಲ್ಲಿ ಶಾಖೆಗಳ ಮೂಲೆಯಲ್ಲಿ ಎಸ್‌ಸಿಓ ಯೂನಿಕ್ಸ್ ನಡೆಸುವ ಒಂದು ಪೆಟ್ಟಿಗೆ, ಅದಕ್ಕೆ ಜೋಡಿಸಿದ ನಾಲ್ಕಾರು ಟರ್ಮಿನಲ್ಲುಗಳು ಸಾಮಾನ್ಯ ನೋಟವಾದವು. ಕೌಂಟರಿನ ಈಚೆ ನಿಂತವರಿಗೆ ಕಂಡದ್ದು ‘ಸಿಸ್ಟಮ್ ಡೌನ್ ಐತ್ರಿ’ ಎಂಬ ಮಾತು ಮಾತ್ರ.

ಆ ಪೆಟ್ಟಿಗೆಗೆ ಎರಡನೆಯ ಡಿಸ್ಕು ಹಾಕುವುದು ಒಂದು ಸಣ್ಣ ಯಜ್ಞ. ಎಂಜಿನಿಯರು ‘ಎಂಕೆಡೆವ್ ಎಚ್‌ಡಿ’ ಎಂಬ ಆಜ್ಞೆ ಕೊಡುತ್ತಿದ್ದರು. ಅದು ಒಂದರ ಹಿಂದೊಂದು ಪ್ರಶ್ನೆ ಕೇಳುತ್ತಿತ್ತು: ಡಿಸ್ಕು ಯಾವ ಜಾತಿಯದು, ಯಾವ ಕಾರ್ಡಿಗೆ ತಗುಲಿದೆ, ಅದರ ಗುರುತಿನ ಸಂಖ್ಯೆ ಎಷ್ಟು. ಉತ್ತರಗಳನ್ನು ಸಣ್ಣ ಸಣ್ಣ ಪಠ್ಯ ಕಡತಗಳಲ್ಲಿ ಬರೆದುಕೊಂಡು, ಬೇಕಾದ ಡ್ರೈವರನ್ನು ಸೇರಿಸಿ, ಹೊಸ ತಿರುಳನ್ನು ಬೆಸೆದು ಕೊಡುತ್ತಿತ್ತು. ಇಲ್ಲಿ ಗಮನಿಸಬೇಕಾದ ಒಂದು ವಿವೇಕವಿದೆ. ಹೊಸ ತಿರುಳನ್ನು ಕೂಡಿಸುವ ಮುನ್ನ ಅದು ಹಳೆಯದನ್ನು ಅಳಿಸುತ್ತಿರಲಿಲ್ಲ, ‘ಯೂನಿಕ್ಸ್ ಡಾಟ್ ಓಲ್ಡ್’ ಎಂಬ ಹೆಸರಿಟ್ಟು ಪಕ್ಕಕ್ಕೆ ಸರಿಸುತ್ತಿತ್ತು. ಹೊಸದು ಏಳದಿದ್ದರೆ ಯಂತ್ರ ಶುರುವಾಗುವಾಗಲೇ ಹಳೆಯ ಹೆಸರು ಟೈಪಿಸಿ ಬದುಕಿಕೊಳ್ಳಬಹುದಿತ್ತು. ಇದನ್ನು ಮರೆತ ಶಾಖೆಗಳು ಪೂರ್ತಿ ದಿನ ಕೈಬರಹಕ್ಕೆ ಮರಳಿದವು.

ಹಳೆಯದನ್ನು ಉಳಿಸಿಕೊಂಡೇ ಹೊಸದಕ್ಕೆ ದಾಟುವ ಈ ಎಚ್ಚರ ಹೊಸದಲ್ಲ. ಲಕ್ಷ್ಮೇಶ್ವರದ ಶಂಖಬಸದಿಗೆ ಸಂಬಂಧಿಸಿದ ಒಂದು ಕಲ್ಲಿನ ಮೇಲೆ 10ನೇ ಶತಮಾನದ ಗಂಗ ಮಾರಸಿಂಹನ ದಾನದ ಜೊತೆಗೇ, ಅದಕ್ಕಿಂತ ಇನ್ನೂರು ವರ್ಷಕ್ಕೂ ಹಿಂದಿನ ಬಾದಾಮಿ ಚಾಲುಕ್ಯ ಅರಸರ ದಾನಗಳನ್ನೂ ಕೆತ್ತಲಾಗಿದೆ. ಲಿಪಿ ಮಾತ್ರ ಆ ಹಳೆಯ ಕಾಲದ್ದಲ್ಲ, ಬಹಳ ತಡವಾದುದು ಎಂದು 19ನೇ ಶತಮಾನದಲ್ಲಿ ಅವನ್ನು ಓದಿದ ಜೆ.ಎಫ್. ಫ್ಲೀಟ್ ಗುರುತಿಸಿದರು. ಹಳೆಯ ಶಾಸನಗಳನ್ನು ನಕಲು ಮಾಡಿಕೊಂಡದ್ದೋ ಇಲ್ಲವೇ ಹಕ್ಕು ಸಾಧಿಸಲು ಹೊಸದಾಗಿ ಹುಟ್ಟಿಸಿದ್ದೋ ಎಂಬ ಅನುಮಾನವೂ ಅಂದಿನಿಂದಲೇ ಇದೆ. ದಾಖಲೆಯನ್ನು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ಇಳಿಸಿದಾಗಲೆಲ್ಲ ಎರಡು ಪ್ರಶ್ನೆ ಏಳುತ್ತವೆ: ಪೂರ್ತಿ ಇಳಿಯಿತೇ, ಮತ್ತು ಇಳಿಸಿದವರನ್ನು ನಂಬಬಹುದೇ.

ಮತ್ತೆ ಯಂತ್ರಕ್ಕೆ. 1996ರಲ್ಲಿ ‘ಪಿಸಿ ಕ್ವೆಸ್ಟ್’ ಪತ್ರಿಕೆ ತನ್ನ ಓದುಗರಿಗೆ ಲಿನಕ್ಸನ್ನು ಸಿ.ಡಿ.ಯಲ್ಲಿ ಹಂಚಿತು. ಅದರ ಹಿಂದಿದ್ದವರು ಅತುಲ್ ಚಿಟ್ನಿಸ್. ಬರ್ಲಿನ್ನಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದು, ಬೆಂಗಳೂರಿನಲ್ಲಿ ನೆಲೆಸಿದವರು. ಮುಂದೆ 2001ರಿಂದ ಬೆಂಗಳೂರಿನಲ್ಲಿ ಲಿನಕ್ಸ್ ಸಮ್ಮೇಳನಗಳನ್ನು ಕಟ್ಟಿ ಬೆಳೆಸಿದ ಅವರು 2013ರಲ್ಲಿ ತೀರಿಕೊಂಡರು. ಅಲ್ಲಿಯವರೆಗೆ ಯೂನಿಕ್ಸ್ ಎಂದರೆ ಲಕ್ಷಾಂತರ ರೂಪಾಯಿಯ ಬ್ಯಾಂಕಿನ ಪೆಟ್ಟಿಗೆ. ಈಗ ಪತ್ರಿಕೆಯ ಬೆಲೆಗೆ ಅಂಥದೇ ತಿರುಳು, ಅದರ ಮೂಲಪಠ್ಯ ಸಮೇತ, ಜಿಲ್ಲೆಯ ಊರುಗಳ ಕಾಲೇಜು ಹುಡುಗರ ಕೈಗೂ ಬಂತು.

ಬಂದದ್ದೇನೋ ಹೌದು, ಓಡಬೇಕಲ್ಲ. ಆ ಕಾಲದ ಸಿ.ಡಿ. ಡ್ರೈವುಗಳು ಒಂದೊಂದು ಒಂದೊಂದು ಬಗೆ. ಕೆಲವು ಐಡಿಇ ತಂತಿಗೆ, ಕೆಲವು ಸ್ಕಸಿ ಕಾರ್ಡಿಗೆ, ಇನ್ನು ಕೆಲವು ಸೌಂಡ್ ಕಾರ್ಡಿನ ಬೆನ್ನಿಗೆ ತಗುಲಿಕೊಂಡಿದ್ದವು. ಸ್ಲ್ಯಾಕ್‌ವೇರ್ ಎಂಬ ಲಿನಕ್ಸ್ ಕಂತೆಯಲ್ಲಿ ಇದಕ್ಕಾಗಿ ಬೇರೆ ಬೇರೆ ಬೂಟ್ ಫ್ಲಾಪಿಗಳಿದ್ದವು, ಪ್ರತಿಯೊಂದರಲ್ಲೂ ಬೇರೆ ಬೇರೆ ಡ್ರೈವರು ಕೂಡಿಸಿದ ತಿರುಳು. ಸರಿಯಾದ ಫ್ಲಾಪಿ ಆರಿಸಿಕೊಳ್ಳದಿದ್ದರೆ ಲಿನಕ್ಸ್ ತಾನು ಕುಳಿತಿದ್ದ ಸಿ.ಡಿ.ಯನ್ನೇ ಕಾಣದೆ ‘ಸಿ.ಡಿ. ಸಿಗಲಿಲ್ಲ’ ಎಂದು ಕೈಚೆಲ್ಲುತ್ತಿತ್ತು. ಸರಿಯಾದ ಫ್ಲಾಪಿ ಹಾಕಿದರೂ ಡ್ರೈವರು ತನ್ನ ಸಾಧನವನ್ನು ಹುಡುಕಲು ಬೇರೆ ಬೇರೆ ವಿಳಾಸಗಳ ಕದ ತಟ್ಟಿ ನೋಡಬೇಕಿತ್ತು. ಆ ಕದದ ಹಿಂದೆ ಸಿ.ಡಿ. ಬದಲು ನೆಟ್‌ವರ್ಕ್ ಕಾರ್ಡ್ ಇದ್ದರೆ, ತಟ್ಟಿದ ಸದ್ದಿಗೇ ಯಂತ್ರ ಕಲ್ಲಿನಂತೆ ನಿಂತುಬಿಡುತ್ತಿತ್ತು. ಅದಕ್ಕೇ ಆರಂಭದಲ್ಲೇ ಒಂದು ಸಾಲು ಬರೆದು ‘ಇಂಥ ವಿಳಾಸದಲ್ಲಿ ನೋಡು, ಬೇರೆಲ್ಲೂ ತಟ್ಟಬೇಡ’ ಎಂದು ತಿರುಳಿಗೆ ತಾಕೀತು ಮಾಡುವ ಸೌಲಭ್ಯವಿತ್ತು. ಡ್ರೈವರನ್ನು ಹತೋಟಿಯಲ್ಲಿಡುವ ಪಾಠವನ್ನು ಒಂದು ತಲೆಮಾರು ಕಲಿತದ್ದು ಹೀಗೆ, ರಾತ್ರಿಗಳನ್ನು ಕಳೆದುಕೊಂಡು.

ಇನ್ನೂ ಮುಂದೆ ಹೋದವರು ತಿರುಳನ್ನು ತಾವೇ ಕಟ್ಟುತ್ತಿದ್ದರು. ‘ಮೇಕ್ ಕಾನ್ಫಿಗ್’ ಎಂದರೆ ನೂರಾರು ಪ್ರಶ್ನೆಗಳ ಸರಮಾಲೆ. ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ, ಕೆಲವಕ್ಕೆ ಮೂರನೆಯ ಉತ್ತರ: ಮಾಡ್ಯೂಲ್. ಹೌದು ಎಂದರೆ ಆ ಡ್ರೈವರು ತಿರುಳಿನ ಅಂಗವಾಗಿ ಸದಾ ಒಳಗಿರುತ್ತದೆ. ಮಾಡ್ಯೂಲ್ ಎಂದರೆ ಹೊರಗೆ ಕಾಯುತ್ತಿರುತ್ತದೆ, ಬೇಕಾದಾಗ ಕರೆದರೆ ಬರುತ್ತದೆ, ಕೆಲಸ ಮುಗಿದರೆ ಕಳಿಸಿಬಿಡಬಹುದು. ಸುಗ್ಗಿಯಲ್ಲಿ ಮಾತ್ರ ಕರೆಯುವ ಆಳಿನ ಹಾಗೆ. ಈ ಪ್ರಶ್ನೆಗಳ ಪಟ್ಟಿ ಬೇಸರದ್ದೆನಿಸಿದರೂ ಅದರೊಳಗೆ ಒಂದು ಇತಿಹಾಸವಿತ್ತು. ‘ಸಿಎಂಡಿ 640’ ಎಂಬ ಚಿಪ್ಪಿನ ದೋಷಕ್ಕೆ ಪರಿಹಾರ ಸೇರಿಸಲೇ, ‘ಆರ್‌ಝಡ್ 1000’ರ ದೋಷಕ್ಕೆ ಸೇರಿಸಲೇ ಎಂದು ಅದು ಕೇಳುತ್ತಿತ್ತು. ಇವೆರಡೂ 1990ರ ದಶಕದ ನಡುವೆ ಅಸಂಖ್ಯ ಪಿಸಿಗಳಲ್ಲಿ ಕೂತಿದ್ದ ಡಿಸ್ಕ್ ನಿಯಂತ್ರಕ ಚಿಪ್ಪುಗಳು, ಸದ್ದಿಲ್ಲದೆ ಮಾಹಿತಿಯನ್ನು ಕೆಡಿಸುವ ಗುಣ ಇದ್ದವು. ಪ್ರಶ್ನೆಯ ಹಿಂದೆ ಎಷ್ಟು ಜನರ ಕಡತಗಳು ಹಾಳಾಗಿದ್ದವೋ. ಅರ್ಥವಾಗದ ಪ್ರಶ್ನೆಗೆ ‘ಇಲ್ಲ’ ಎಂದು ಒತ್ತಿ ಮುಂದೆ ಹೋದವನು ತನ್ನನ್ನು ಕಾಯುವ ಕಾವಲುಗಾರನನ್ನೇ ಮನೆಗೆ ಕಳಿಸಿದಂತಾಗುತ್ತಿತ್ತು.

ಮಾಡ್ಯೂಲಿನಿಂದ ಒಂದು ಹೊಸ ಪೇಚು ಹುಟ್ಟಿತು. ಡಿಸ್ಕಿನ ಡ್ರೈವರು ಮಾಡ್ಯೂಲಾಗಿ ಡಿಸ್ಕಿನ ಮೇಲೇ ಇದೆ. ಡಿಸ್ಕನ್ನು ಓದಲು ಡ್ರೈವರು ಬೇಕು, ಡ್ರೈವರನ್ನು ತರಲು ಡಿಸ್ಕನ್ನು ಓದಬೇಕು. ತಿಜೋರಿಯ ಕೀಲಿಕೈ ತಿಜೋರಿಯೊಳಗೇ ಉಳಿದ ಕಥೆ. ಇದಕ್ಕೆ ಕಂಡುಕೊಂಡ ಪರಿಹಾರ ಇನಿಟ್‌ಆರ್‌ಡಿ. ಯಂತ್ರ ಏಳುವಾಗ ತಿರುಳಿನ ಜೊತೆಗೆ ಒಂದು ಬುತ್ತಿಯ ಗಂಟನ್ನೂ ನೆನಪಿಗೆ ಏರಿಸಲಾಗುತ್ತದೆ. ಮೊದಲಿಗೆ ಬೇಕಾಗುವ ಡ್ರೈವರುಗಳು ಆ ಗಂಟಿನಲ್ಲಿರುತ್ತವೆ. ಗಂಟು ಬಿಚ್ಚಿ, ಡಿಸ್ಕನ್ನು ತೆರೆದು, ನಿಜವಾದ ಮನೆಗೆ ದಾಟಿದ ಮೇಲೆ ಗಂಟನ್ನು ಎಸೆಯಬಹುದು. ಇಂದಿಗೂ ಹೆಚ್ಚಿನ ಲಿನಕ್ಸ್ ಯಂತ್ರಗಳು ಏಳುವುದು ಹೀಗೆಯೇ. ಡಿಸ್ಕಿನ ನಿಯಂತ್ರಕ ಬದಲಿಸಿ, ಗಂಟು ಕಟ್ಟುವಾಗ ಅದರ ಡ್ರೈವರನ್ನು ಸೇರಿಸಲು ಮರೆತ ಆಡಳಿತಗಾರನಿಗೆ ಬೆಳಿಗ್ಗೆ ಕಾಣುವುದು ‘ಮೂಲ ಕಡತವ್ಯವಸ್ಥೆ ಸಿಗಲಿಲ್ಲ’ ಎಂಬ ಒಂದೇ ಸಾಲು. ಮಾಹಿತಿ ಎಲ್ಲಿಯೂ ಹೋಗಿರುವುದಿಲ್ಲ, ಓದುವವನು ಬಂದಿರುವುದಿಲ್ಲ ಅಷ್ಟೆ.

ಹೆಸರುಗಳ ಗೊಂದಲದ್ದು ಇನ್ನೊಂದು ಅಧ್ಯಾಯ. ಲಿನಕ್ಸಿನ ಹಳೆಯ ಐಡಿಇ ಡ್ರೈವರು ಮೊದಲ ಡಿಸ್ಕನ್ನು ‘ಎಚ್‌ಡಿಎ’ ಎಂದು ಕರೆಯುತ್ತಿತ್ತು. ಲಿಬ್‌ಎಟಿಎ ಎಂಬ ಹೊಸ ಡ್ರೈವರು ಬಂದು ಅದೇ ಡಿಸ್ಕನ್ನು ‘ಎಸ್‌ಡಿಎ’ ಎಂದಿತು. 2007ರ ಸುಮಾರಿಗೆ ದೊಡ್ಡ ಲಿನಕ್ಸ್ ಕಂತೆಗಳು ಹೊಸದಕ್ಕೆ ಬದಲಾದಾಗ, ಹಳೆಯ ಹೆಸರನ್ನು ನೆಚ್ಚಿ ಬರೆದಿಟ್ಟಿದ್ದ ಪಟ್ಟಿಗಳು ಕೆಲಸಕ್ಕೆ ಬಾರದಾದವು. ಡಿಸ್ಕು ಅದೇ, ಊರು ಅದೇ, ಹೆಸರು ಬೇರೆ. ಸಾಲದುದಕ್ಕೆ, ಎರಡು ನಿಯಂತ್ರಕಗಳಿರುವ ಯಂತ್ರದಲ್ಲಿ ಯಾವ ಡ್ರೈವರು ಮೊದಲು ಎದ್ದಿತೋ ಅದರ ಡಿಸ್ಕು ‘ಎ’ ಆಗುತ್ತದೆ. ನಿನ್ನೆಯ ‘ಎ’ ಇಂದು ‘ಬಿ’ ಆಗಬಹುದು. ಹೆಸರನ್ನು ನಂಬಿ ಡಿಸ್ಕು ಅಳಿಸುವ ಆಜ್ಞೆ ಕೊಟ್ಟವರ ಗತಿ ಹೇಳಬೇಕಿಲ್ಲ. ಹೊಲದ ವ್ಯಾಜ್ಯ ಕಂಡವರಿಗೆ ಇದರ ಪರಿಹಾರ ತಾನಾಗಿಯೇ ಹೊಳೆಯುತ್ತದೆ. ‘ಬೇವಿನ ಗಿಡದ ಪಕ್ಕದ ಹೊಲ’ ಎಂದು ಖರೀದಿ ಪತ್ರ ಬರೆಸಿದರೆ ಗಿಡ ಕಡಿದ ದಿನ ತಕರಾರು ಶುರು, ಸರ್ವೆ ನಂಬರು ಬರೆಸಿದರೆ ಗಿಡ ಇದ್ದರೇನು ಹೋದರೇನು. ಡಿಸ್ಕಿನ ಪ್ರತಿ ಭಾಗಕ್ಕೂ ಯುಯುಐಡಿ ಎಂಬ ಉದ್ದನೆಯ ಸರ್ವೆ ನಂಬರು ಇದೆ, ಪಟ್ಟಿಗಳಲ್ಲಿ ಅದನ್ನೇ ಬರೆಯುವುದು ಈಗಿನ ಪದ್ಧತಿ. ಹಳೆಯ ಐಡಿಇ ಡ್ರೈವರನ್ನು 2021ರಲ್ಲಿ, 5.14ನೇ ಆವೃತ್ತಿಯಲ್ಲಿ, ತಿರುಳಿನಿಂದ ಪೂರ್ತಿಯಾಗಿ ತೆಗೆದುಹಾಕಲಾಯಿತು. ಟೊರ್ವಾಲ್ಡ್ಸ್ ತಮ್ಮ ಬಳಿ ಇರುವುದು ಅದೊಂದೇ ಎಂದಿದ್ದ ಜಾತಿಯ ಡಿಸ್ಕುಗಳ ಮುಕಾದಮ ಮೂವತ್ತು ವರ್ಷದ ಸೇವೆ ಮುಗಿಸಿ ನಿವೃತ್ತನಾದ.

ಯಂತ್ರ ಓಡುತ್ತಿರುವಾಗಲೇ ಡ್ರೈವರಿನ ನಡತೆಯನ್ನು ತಿದ್ದುವುದೂ ಸಾಧ್ಯ. ಡಿಸ್ಕಿಗೆ ಬಂದ ಕೋರಿಕೆಗಳನ್ನು ಬಂದ ಕ್ರಮದಲ್ಲಿ ಪೂರೈಸಬೇಕೇ, ಇಲ್ಲವೇ ಗದಗ-ಮುಂಡರಗಿ ಬಸ್ಸಿನ ಹಾಗೆ ದಾರಿಯಲ್ಲಿ ಸಿಕ್ಕವರನ್ನು ಹತ್ತಿಸಿಕೊಳ್ಳುತ್ತ ಇಳಿಸುತ್ತ ಹೋಗಬೇಕೇ ಎಂದು ಆರಿಸಬಹುದು. ತಿರುಗುವ ತಟ್ಟೆಯ ಡಿಸ್ಕಿಗೆ ಬಸ್ಸಿನ ಕ್ರಮ ಲಾಭ, ತಟ್ಟೆಯೇ ಇಲ್ಲದ ಎಸ್‌ಎಸ್‌ಡಿಗೆ ಅದರ ಅಗತ್ಯ ಅಷ್ಟಿಲ್ಲ. ಕೆಲವು ಮಾದರಿಯ ಡಿಸ್ಕುಗಳು ತಾವೇ ಕೋರಿಕೆಗಳನ್ನು ಜೋಡಿಸಿಕೊಳ್ಳುತ್ತೇವೆಂದು ಹೇಳಿ ಎಡವುತ್ತವೆ. ಅಂಥವುಗಳ ಕಂಪನಿ, ಮಾದರಿ, ಒಳತಂತ್ರಾಂಶದ ಆವೃತ್ತಿ ಸಮೇತ ಒಂದು ಪಟ್ಟಿ ಲಿನಕ್ಸ್ ತಿರುಳಿನ ಮೂಲಪಠ್ಯದಲ್ಲೇ ಇದೆ, ಪೊಲೀಸ್ ಠಾಣೆಯ ಗೋಡೆಯ ಮೇಲಿನ ಪಟ್ಟಿಯ ಹಾಗೆ. ಇವೆಲ್ಲ ವೇಗದ, ಅನುಕೂಲದ ಮಾತು. ನಿಜವಾಗಿ ನಿದ್ದೆಗೆಡಿಸಬೇಕಾದ ಗುಂಡಿ ಬೇರೊಂದಿದೆ.

ಅದು ಕಚ್ಚಾ ವಹಿಯದು. ತಂತ್ರಾಂಶವೊಂದು ‘ಬರೆ’ ಎಂದಾಗ ತಿರುಳು ಅದನ್ನು ಮೊದಲು ನೆನಪಿನಲ್ಲಿ ಗೀಚಿಕೊಂ‌ಡು ‘ಆಯಿತು’ ಎನ್ನುತ್ತದೆ. ಡಿಸ್ಕಿಗೆ ಕಳಿಸುವುದು ಆಮೇಲೆ, ಕೆಲವೊಮ್ಮೆ ಅರ್ಧ ನಿಮಿಷದಷ್ಟು ತಡವಾಗಿ. ಇದು ಮೊದಲ ಕಚ್ಚಾ ವಹಿ. ಡಿಸ್ಕಿನ ಒಳಗೂ ಒಂದಿಷ್ಟು ನೆನಪಿದೆ. ಅದೂ ಬಂದುದನ್ನು ಅಲ್ಲಿ ಇಟ್ಟುಕೊಂಡು ‘ಆಯಿತು’ ಎಂದುಬಿಡುತ್ತದೆ. ಇದು ಎರಡನೆಯ ಕಚ್ಚಾ ವಹಿ. ತಟ್ಟೆಯ ಮೇಲೆ ಮೂಡುವುದು ಅದಾದ ಬಳಿಕ. ಕರೆಂಟು ಹೋದರೆ ಎರಡೂ ಕಚ್ಚಾ ವಹಿಗಳು ಅಳಿಸಿಹೋಗುತ್ತವೆ. ಲೆಕ್ಕಪತ್ರದ ತಂತ್ರಾಂಶಗಳು ಆದ್ದರಿಂದ ‘ಎಫ್‌ಸಿಂಕ್’ ಎಂಬ ಕಟ್ಟುನಿಟ್ಟಿನ ಕೋರಿಕೆ ಕಳಿಸುತ್ತವೆ: ಪಕ್ಕಾ ಕಿರ್ದಿಗೆ ಏರಿಸಿದ ಮೇಲೆಯೇ ಉತ್ತರ ಕೊಡು. ತಿರುಳು ತನ್ನ ಕಚ್ಚಾ ವಹಿಯನ್ನು ಖಾಲಿ ಮಾಡಿ, ಡ್ರೈವರಿನ ಮೂಲಕ ಡಿಸ್ಕಿಗೂ ‘ನಿನ್ನಲ್ಲಿರುವುದನ್ನು ತಟ್ಟೆಗೆ ಇಳಿಸು’ ಎಂದು ಆಜ್ಞೆ ಕೊಡುತ್ತದೆ.

ಈಗ ಎರಡು ಗುಂಡಿಗಳನ್ನು ನೋಡಿ. ಹೆಸರು ಕೇಳಿದರೆ ಒಂದೇ ಕೆಲಸದವು ಎನಿಸುತ್ತವೆ. ‘ಎಚ್‌ಡಿಪಾರ್ಮ್’ ಎಂಬ ಸಾಧನದಿಂದ ಡಿಸ್ಕಿನ ಒಳಗಿನ ಕಚ್ಚಾ ವಹಿಯನ್ನೇ ಬಂದ್ ಮಾಡಿಸಬಹುದು. ಆಗ ಡಿಸ್ಕು ನಿಜವಾಗಿಯೂ ನೇರವಾಗಿ ಪಕ್ಕಾ ವಹಿಗೆ ಬರೆಯುತ್ತದೆ, ನಿಧಾನವಾಗುತ್ತದೆ. ಅನೇಕ ಡಿಸ್ಕುಗಳಲ್ಲಿ ಯಂತ್ರ ಆರಿಸಿ ಹಚ್ಚಿದರೆ ಈ ಆಜ್ಞೆ ಮರೆತುಹೋಗುವುದರಿಂದ ಪ್ರತಿಸಲ ಏಳುವಾಗಲೂ ಹೇಳಬೇಕು. ಇನ್ನೊಂದು ಗುಂಡಿ ತಿರುಳಿನ ಒಳಗಿನ ‘ರೈಟ್ ಕ್ಯಾಶ್’ ಎಂಬ ಒಂದು ಕಡತ. ಅದರಲ್ಲಿ ‘ರೈಟ್ ಬ್ಯಾಕ್’ ಎಂದಿದ್ದರೆ, ಡಿಸ್ಕಿಗೆ ಕಚ್ಚಾ ವಹಿ ಇದೆ ಎಂದು ತಿರುಳು ತಿಳಿದು ಇಳಿಸುವ ಆಜ್ಞೆ ಕಳಿಸುತ್ತದೆ. ಅದನ್ನು ತಿದ್ದಿ ‘ರೈಟ್ ಥ್ರೂ’ ಎಂದು ಬರೆದರೆ ಡಿಸ್ಕು ಒಂದಿಷ್ಟೂ ಬದಲಾಗುವುದಿಲ್ಲ. ಬದಲಾಗುವುದು ತಿರುಳಿನ ನಂಬಿಕೆ ಮಾತ್ರ. ಡಿಸ್ಕಿಗೆ ಕಚ್ಚಾ ವಹಿಯೇ ಇಲ್ಲವೆಂದು ನಂಬಿ ಅದು ಇಳಿಸುವ ಆಜ್ಞೆಯನ್ನೇ ಕಳಿಸುವುದನ್ನು ನಿಲ್ಲಿಸುತ್ತದೆ. ಯಂತ್ರ ಚುರುಕಾಗುತ್ತದೆ. ‘ನೋಡ್ರಿ, ಎಷ್ಟ ಫಾಸ್ಟ್ ಆತು’ ಎಂದು ಎಂಜಿನಿಯರಿಗೆ ಶಹಬ್ಬಾಸ್‌ಗಿರಿ ಸಿಗುತ್ತದೆ. ಡಿಸ್ಕು ಮಾತ್ರ ಮೊದಲಿನಂತೆಯೇ ಕಚ್ಚಾ ವಹಿಯಲ್ಲಿ ಗೀಚುತ್ತಿರುತ್ತದೆ, ಪಕ್ಕಾ ಮಾಡೆಂದು ಹೇಳುವವರೇ ಇಲ್ಲ. ಕರೆಂಟು ಹೋದರೂ ನೆನಪು ಉಳಿಸಿಕೊಳ್ಳುವ ಬ್ಯಾಟರಿ ಅಥವಾ ಕೆಪಾಸಿಟರು ಇರುವ ದುಬಾರಿ ಸಾಧನಗಳಿವೆ, ಅವಕ್ಕೆ ಈ ಗುಂಡಿ ಸಲ್ಲುತ್ತದೆ. ಸಾದಾ ಡಿಸ್ಕಿಗೆ ಸಲ್ಲದು. ತಿರುಳಿನ ಕೈಪಿಡಿಯಲ್ಲೇ ಈ ಎಚ್ಚರಿಕೆಯನ್ನು ಬರೆದಿದ್ದಾರೆ. ಕೈಪಿಡಿ ಓದುವವರು ಕಡಿಮೆ.

ಇದು ಕರೆಂಟು ಕೈಕೊಡುವ ಹಳ್ಳಿಗಾಡಿನ ಚಿಂತೆ ಎಂದುಕೊಳ್ಳಬೇಡಿ. 2005ರ ಜನವರಿಯಲ್ಲಿ ಅಮೆರಿಕದ ಲೈವ್‌ಜರ್ನಲ್ ಎಂಬ ದೊಡ್ಡ ಜಾಲತಾಣದ ಯಂತ್ರಗಳಿದ್ದ ಕಟ್ಟಡಕ್ಕೇ ವಿದ್ಯುತ್ ನಿಂತಿತು. ‘ಬರೆದಾಯಿತು’ ಎಂದಿದ್ದ ಡಿಸ್ಕುಗಳಲ್ಲಿ ಬರೆದದ್ದು ಇರಲಿಲ್ಲ. ಅದರ ಸ್ಥಾಪಕ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಬೇಸತ್ತು, ಸುಳ್ಳು ಹೇಳುವ ಡಿಸ್ಕುಗಳನ್ನು ಪತ್ತೆ ಹಚ್ಚಲೆಂದೇ ಒಂದು ಪುಟ್ಟ ತಂತ್ರಾಂಶ ಬರೆದರು. 2018ರಲ್ಲಿ ಇನ್ನೂ ಆಳದ ಬಿರುಕು ಬಯಲಾಯಿತು. ಪೋಸ್ಟ್‌ಗ್ರೆಸ್ ಎಂಬ ಹೆಸರಾಂತ ದತ್ತಸಂಚಯ ತಂತ್ರಾಂಶದವರು ಕಂಡುಕೊಂಡದ್ದು ಇದು: ಡಿಸ್ಕಿಗೆ ಬರೆಯುವಾಗ ದೋಷವಾದರೆ ಲಿನಕ್ಸ್ ತಿರುಳು ಅದನ್ನು ಒಂದು ಸಲ ತಿಳಿಸಿ, ಆ ಬರಹವನ್ನು ‘ಆಗಿದೆ’ ಎಂಬ ಲೆಕ್ಕಕ್ಕೆ ಹಾಕಿಬಿಡಬಹುದು. ಎರಡನೆಯ ಸಲ ಎಫ್‌ಸಿಂಕ್ ಕೇಳಿದರೆ ‘ಎಲ್ಲ ಸರಿ’ ಎಂಬ ಉತ್ತರ. ವರ್ಷಾನುಗಟ್ಟಲೆ ಆ ತಂತ್ರಾಂಶ ದೋಷ ಬಂದಾಗ ಇನ್ನೊಮ್ಮೆ ಕೇಳಿ, ಸರಿ ಎಂದ ಉತ್ತರವನ್ನು ನಂಬಿ ಮುಂದೆ ಹೋಗುತ್ತಿತ್ತು. 2019ರ ಫೆಬ್ರುವರಿಯ ಆವೃತ್ತಿಗಳಿಂದ ಅದು ಮೊದಲ ದೋಷಕ್ಕೇ ಕೆಲಸ ನಿಲ್ಲಿಸಿ, ತನ್ನ ಸ್ವಂತ ದಿನಚರಿಯಿಂದ ಲೆಕ್ಕವನ್ನು ಮತ್ತೆ ಕಟ್ಟಿಕೊಳ್ಳುತ್ತದೆ. ಜಗತ್ತಿನ ಅತ್ಯಂತ ಎಚ್ಚರದ ಜನ ಬರೆದ ತಂತ್ರಾಂಶದಲ್ಲೇ ಹೀಗಿತ್ತು.

ಗದಗ ಜಿಲ್ಲೆಗೆ ಇದರಿಂದ ಏನು ಎನ್ನುವವರು ಕಣಗಿನಹಾಳವನ್ನು ನೆನೆಯಬೇಕು. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ್ದು ಆ ಊರಿನಲ್ಲಿ. ಸಂಘ ಎಂದರೆ ಮೊದಲಿಗೆ ಒಂದು ವಹಿ, ಅದನ್ನು ಬರೆಯುವ ಒಂದು ಕೈ, ಆ ಕೈಯ ಮೇಲೆ ಊರಿಗಿದ್ದ ವಿಶ್ವಾಸ. 2022ರಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ವಹಿ ಈಗ ಎಲ್ಲೋ ದೂರದ ದತ್ತಾಂಶ ಕೇಂದ್ರದಲ್ಲಿದೆ. ಅಂಥ ಕೇಂದ್ರಗಳಲ್ಲಿ ಓಡುವುದು ಬಹುಪಾಲು ಲಿನಕ್ಸ್ ತಿರುಳು. ಅಲ್ಲಿಯೂ ಮುಕಾದಮನಿದ್ದಾನೆ, ಅಲ್ಲಿಯೂ ಆ ಎರಡು ಗುಂಡಿಗಳಿವೆ.

ರಾಜ್ಯದಲ್ಲಿ ಸಹಕಾರ ಸಂಘದ ಬೆಳೆಸಾಲವನ್ನು ಅವಧಿಯೊಳಗೆ ತೀರಿಸಿದ ರೈತನಿಗೆ ಬಡ್ಡಿ ಇಲ್ಲ, ಗಡುವು ದಾಟಿದರೆ ಆ ಸೌಲಭ್ಯ ಇಲ್ಲ. ಶಿರಹಟ್ಟಿ ಕಡೆಯ ರೈತನೊಬ್ಬ ಕೊನೆಯ ದಿನದ ಸಂಜೆ ಹಣ ಕಟ್ಟಿದ ಎಂದಿಟ್ಟುಕೊಳ್ಳಿ. ತೆರೆಯ ಮೇಲೆ ‘ಆಯಿತು’ ಮೂಡಿತು. ಮರುಗಳಿಗೆ ಯಂತ್ರ ಸತ್ತಿತು. ಅವನ ಕೈಯಲ್ಲಿ ಕಾಗದದ ರಸೀದಿ ಇದ್ದರೆ ಬದುಕಿದ. ಇಲ್ಲದಿದ್ದರೆ ಅವನು ಸುಸ್ತಿದಾರ, ಅದೂ ಯಾರೂ ಸುಳ್ಳು ಹೇಳದೆ. ತಂತ್ರಾಂಶ ತಿರುಳಿನ ಮಾತನ್ನು ನಂಬಿತು, ತಿರುಳು ಡ್ರೈವರಿನ ಮಾತನ್ನು, ಡ್ರೈವರು ಡಿಸ್ಕಿನ ಮಾತನ್ನು. ಸಂಘದ ಕಾರ್ಯದರ್ಶಿಗೆ ಈ ಸರಪಳಿಯ ಅರಿವಿಲ್ಲ, ಇರಬೇಕೆಂದು ಬಯಸುವುದೂ ನ್ಯಾಯವಲ್ಲ. ಆದರೆ ಯಂತ್ರ ಕೂರಿಸಿದವರನ್ನು ಎರಡು ಪ್ರಶ್ನೆ ಕೇಳಲು ಸಂಘದ ಆಡಳಿತ ಮಂಡಳಿಗೆ ಕಂಪ್ಯೂಟರ್ ವಿದ್ಯೆ ಬೇಕಿಲ್ಲ: ಡಿಸ್ಕಿನ ಕಚ್ಚಾ ವಹಿ ಹೇಗೆ ಇಟ್ಟಿದ್ದೀರಿ, ಅದನ್ನು ಪರೀಕ್ಷಿಸಿ ನೋಡಿದ್ದೀರಾ?

ಪರೀಕ್ಷೆ ಸರಳ. ಫಿಟ್ಜ್‌ಪ್ಯಾಟ್ರಿಕ್ ಅವರ ತಂತ್ರಾಂಶ ಮಾಡುವುದೂ ಇದನ್ನೇ. ಎರಡು ಯಂತ್ರ ಬೇಕು. ಒಂದು ಬರೆಯುತ್ತ ಹೋಗುತ್ತದೆ, ಎಫ್‌ಸಿಂಕ್‌ಗೆ ‘ಆಯಿತು’ ಎಂಬ ಉತ್ತರ ಬಂದಾಗಲೆಲ್ಲ ‘ಇಷ್ಟರವರೆಗೆ ಪಕ್ಕಾ’ ಎಂದು ಇನ್ನೊಂದಕ್ಕೆ ವರದಿ ಕಳಿಸುತ್ತದೆ. ನಡುವೆ, ಮುನ್ಸೂಚನೆ ಕೊಡದೆ, ಬರೆಯುತ್ತಿರುವ ಯಂತ್ರದ ಪ್ಲಗ್ಗನ್ನು ಗೋಡೆಯಿಂದ ಕೀಳಬೇಕು. ಮತ್ತೆ ಹಚ್ಚಿದ ಮೇಲೆ ಎರಡರ ಲೆಕ್ಕವನ್ನು ತಾಳೆ ನೋಡಬೇಕು. ರೈತರ ಖಾತೆಗಳನ್ನು ತುಂಬುವ ಮುಂಚೆ, ಖಾಲಿ ಯಂತ್ರದ ಮೇಲೆ, ಅರ್ಧ ತಾಸಿನಲ್ಲಿ ಆಗುವ ಕೆಲಸ. ಒಂದು ಸಲ ಸರಿ ಬಂದರೆ ಸಾಲದು, ನಾಲ್ಕೈದು ಸಲ ಕೀಳಬೇಕು.